ಕಲ್ಲುಗೋಡೆಯ ಮೇಲಿನ ಅಂಜೂರ

ಸೆಪ್ಟೆಂಬರ್ ಹನ್ನೊಂದು, ಬೆಳಿಗ್ಗೆ. ಕಾಲ್ನಡೆ ಯಾತ್ರೆಯ ಒಂಬತ್ತನೆಯ ತಂಗುಮನೆ. ಅಕ್ಕ ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತುತ್ತಿದ್ದಾಳೆ. ನಾನು ಊಟದ ಮೇಜಿನ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಯಾತ್ರಾಮಾರ್ಗದ ಮುಖ್ಯಾಧಿಕಾರಿಗಳೇ,

ದಾರಿಬದಿಯ ತೋಟದವರು ಯಾತ್ರಿಕರಿಗೆ ಹಣ್ಣು, ತರಕಾರಿ ಮಾರಕೂಡದೆಂಬ ಆದೇಶವನ್ನು ತಾವು ಹಿಂತೆಗೆದುಕೊಳ್ಳಬೇಕು. ಅದಕ್ಕೆ ಆಧಾರ ‘ಓರ್ವ ಜವಾಬ್ದಾರಿಯುತ ಯಾತ್ರಿಕರ ದೂರು’ ಎಂದು ತಾವು ಬರೆದಿದ್ದೀರಿ. ಆ ಜವಾಬ್ದಾರಿಯುತ ಯಾತ್ರಿಕ ನಾನೇ.

ನನಗೊಂದು ಅಭ್ಯಾಸವಿದೆ. ಅನುವಾದಿತ ಕಾದಂಬರಿ ಓದುವಾಗ ಎಡವಿದಂತೆ ಕಂಡ ವಾಕ್ಯದ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತೇನೆ. ಮೂಲಭಾಷೆ ನನಗೆ ಬಾರದು, ಆದರೂ ಬರೆಯುತ್ತೇನೆ. ಕಳೆದ ವರ್ಷ ಇದೇ ವಾರ ಎಂಟನೆಯ ತಂಗುಮನೆಯ ಸಲಹಾ ಪುಸ್ತಕದಲ್ಲೂ ಹಾಗೆಯೇ ಬರೆದೆ: ‘ಇಲ್ಲಿಗೆ ಬರುವ ದಾರಿಯಲ್ಲಿ ಕಲ್ಲುಗೋಡೆಯ ಮೇಲಿಟ್ಟು ಅಂಜೂರ, ಎಳೆಸೌತೆ ಮಾರುತ್ತಾರೆ. ಸೌತೆಗೆ ಮಣ್ಣು ಅಂಟಿದೆ. ತೊಳೆಯಲು ನೀರಿಲ್ಲ. ಅಲ್ಲೊಂದು ನಲ್ಲಿ ಹಾಕಿಸಿದರೆ ಒಳಿತು.’ ಮರುದಿನ ಅಕ್ಕನಿಗೆ ಜ್ವರ ಹೆಚ್ಚಿ, ಯಾತ್ರೆ ಅರ್ಧಕ್ಕೇ ಬಿಟ್ಟು ಮರಳಿದೆವು. ಈ ವರ್ಷ ಮತ್ತೆ ಮೊದಲಿನಿಂದ ಹೊರಟಿದ್ದೇವೆ.

ಮೊನ್ನೆ ಆ ಗೋಡೆಯ ಬಳಿ ಬಂದರೆ ಅದರ ಮೇಲೆ ಹಣ್ಣಿಲ್ಲ, ತಮ್ಮ ಫಲಕವಿದೆ. ಫಲಕದಲ್ಲಿ ನನ್ನದೇ ಕೈಬರಹದ ನಕಲು, ನಾನು ಸ್ಕೇಲ್ ಇಟ್ಟು ಎಳೆದ ಅಡಿಗೆರೆಗಳ ಸಮೇತ. ಮೊದಲ ಮೂರು ವಾಕ್ಯ ಮಾತ್ರ. ನಾಲ್ಕನೆಯದು ಎಲ್ಲಿ ಹೋಯಿತು, ಸ್ವಾಮಿ? ನೆಗಡಿ ಬಂತೆಂದು ಮೂಗು ಕೊಯ್ಯುವುದನ್ನು ಕೇಳಿದ್ದೆ. ಊರವರ ಮೂಗನ್ನೆಲ್ಲ ಕೊಯ್ದದ್ದನ್ನು ಈಗ ಕಂಡೆ.

ಗೇಟಿನೊಳಗಿದ್ದ ತೋಟದಾಕೆ ಅಕ್ಕನ ಗುರುತು ಹಿಡಿದರು. “ಹೋದ ವರ್ಷ ಜ್ವರದಲ್ಲಿ ಇಲ್ಲೇ ಕೂತಿದ್ರಲ್ಲ ಅಕ್ಕಾ, ಹುಷಾರಾದ್ರಾ?”

“ಆದೆ ಕಣಮ್ಮ. ವ್ಯಾಪಾರ ಯಾಕೆ ನಿಲ್ಲಿಸಿಬಿಟ್ರಿ?”

“ಯಾರೋ ಪುಣ್ಯಾತ್ಮ ಬರೆದುಹಾಕಿದ್ದಾನೆ, ನೋಡಿ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಮನಸ್ಸು ಮಾತ್ರ...” ಎಂದು ಅಷ್ಟಕ್ಕೇ ಬಿಟ್ಟರು. “ಈಗ ಅಷ್ಟೂ ಹಣ್ಣು ಕೋಳಿಗೆ. ನನ್ನ ಕೋಳಿಗಳೇ ದೊಡ್ಡ ಯಾತ್ರಿಕರು! ಈ ಸಲವೂ ಹೀಗೇ ಆದ್ರೆ ಚಳಿಗಾಲಕ್ಕೆ ಮರ ಕಡಿಸ್ತೀನಿ.” ಆಮೇಲೆ ಗೇಟಿನ ಮೇಲಿಂದ ಬೊಗಸೆ ಚಾಚಿದರು. “ಮಾರಬಾರದು ಅಂದಿದ್ದಾರೆ, ಕೊಡಬಾರದು ಅಂದಿಲ್ಲ. ತಗೊಳ್ಳಿ ಅಣ್ಣಾ.”

ತೆಗೆದುಕೊಂಡೆ. ನಾಲ್ಕು ತಿಂದೆ. ಬಿಸಿಲಿಗೆ ಬೆಚ್ಚಗಿದ್ದವು.

ದಾರಿ ತಿರುಗಿದ ಮೇಲೆ ಅಕ್ಕ ಕೇಳಿದಳು: “ಸ್ಕೇಲ್ ಇಟ್ಟು ಅಡಿಗೆರೆ ಎಳೆಯೋ ಯಾತ್ರಿಕ ಲೋಕದಲ್ಲಿ ಇನ್ನೊಬ್ಬ ಇದ್ದಾನೇನೋ?”

“ಗೊತ್ತಾಗಿಯೂ ಸುಮ್ಮನಿದ್ಯಾ?”

“ಹೇಳಬೇಕಾದ ಬಾಯಿ ನಿಂದು. ಅದರ ತುಂಬ ಅಂಜೂರ ಇತ್ತು.”

ತಮ್ಮ ತಂಗುಮನೆಗಳಲ್ಲಿ ಈಗ ಅನುಮತಿ ಪಡೆದ ಬಿಸ್ಕತ್ತು, ಉಪ್ಪುಕಡಲೆ, ಡಬ್ಬಿಯ ಹಣ್ಣಿನ ಹೋಳು ಸಿಗುತ್ತವೆ. ಎಂಟು ದಿನ ಅದನ್ನೇ ತಿಂದು ಅಕ್ಕನ ಬಾಯಿ ಹುಣ್ಣಾಗಿದೆ. ದಾರಿಯ ಎರಡೂ ಬದಿ ಮರಗಳು ಹಣ್ಣು ಹೊತ್ತು ನಿಂತಿರುವಾಗ ನಾವು ಡಬ್ಬಿಯ ಮುಚ್ಚಳ ಕೀಳುತ್ತೇವೆ. ಇದರಿಂದ ಯಾತ್ರಿಕರ ಆರೋಗ್ಯ ಎಷ್ಟು ಸುಧಾರಿಸಿತೆಂದು ತಮ್ಮ ಕಚೇರಿ ಒಮ್ಮೆಯಾದರೂ ಕೇಳಿದೆಯೇ? ಯಾರನ್ನು ಕೇಳಬೇಕು? ಸಲಹಾ ಪುಸ್ತಕದಲ್ಲಿ ಬರೆಯಲು ನನಗಂತೂ ಈಗ ಕೈ ಬರುವುದಿಲ್ಲ.

ತಪ್ಪನ್ನು ಪೂರ್ತಿ ತಮ್ಮ ಮೇಲೆ ಹೊರಿಸಿ ಹಗುರಾಗಬಹುದಿತ್ತು. ಆದರೆ ಮಣ್ಣಿನ ಮಾತನ್ನು ಆಕೆಯ ಎದುರೇ ಹೇಳಿದ್ದರೆ ಆಕೆ ಒಂದು ಬಕೆಟ್ ನೀರು ತಂದಿಡುತ್ತಿದ್ದರು. ನಾನು ಆಕೆಯೊಡನೆ ಮಾತಾಡಲಿಲ್ಲ, ಪುಸ್ತಕದೊಡನೆ ಮಾತಾಡಿದೆ.

ಚಳಿಗಾಲಕ್ಕೆ ಮೊದಲು ಆದೇಶ ರದ್ದಾಗಲಿ. ನಲ್ಲಿ ಬರಲಿ. ಅಲ್ಲಿಯವರೆಗೆ ಆ ಫಲಕದಲ್ಲಿ ನನ್ನ ನಾಲ್ಕನೆಯ ವಾಕ್ಯವನ್ನೂ, ಕೆಳಗೆ ನನ್ನ ಹೆಸರನ್ನೂ ಹಾಕಿಸಿ. ಹೆಸರು, ವಿಳಾಸ ಲಕೋಟೆಯ ಮೇಲಿವೆ.

ನಾಳೆ ಅಕ್ಕ ಮುಂದಕ್ಕೆ ನಡೆಯುತ್ತಾಳೆ. ನಾನು ಒಂದೂವರೆ ದಿನದ ದಾರಿ ಹಿಂದಕ್ಕೆ ಹೋಗಿ ಆ ಗೇಟಿನ ಮುಂದೆ ನಿಲ್ಲಬೇಕೆಂದು ತೀರ್ಮಾನಿಸಿದ್ದೇನೆ. ಹೇಳುವುದನ್ನು ಹೇಳಿ ಮುಗಿಸುವವರೆಗೆ ಆಕೆ ಏನು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಇಂತಿ,
ಅಕ್ಷರ ಮಾತ್ರ ಚೆನ್ನಾಗಿರುವ ಪುಣ್ಯಾತ್ಮ