ಹಡಗುಕಟ್ಟೆಯ ಮೆಟ್ಟಿಲು

ಮಾರ್ಚ್ 4, ಮಂಗಳವಾರ

ಅತ್ತಿಗೆಯ ಕಾಲಿನ ಬ್ಯಾಂಡೇಜ್ ಬದಲಿಸಿದ್ದಾಯ್ತು. ಹೆಬ್ಬೆರಳು ಪೂರ್ತಿ ಕಪ್ಪು. ಸಕ್ಕರೆ ಕಾಯಿಲೆ ತಿಂದುಹಾಕಿದೆ. ಸೋಮವಾರ ಆಪರೇಷನ್ — ಮೊಣಕಾಲಿನ ಕೆಳಗೆ ತೆಗೀತಾರಂತೆ. ತರಕಾರಿ ಹೆಚ್ಚುವ ಮಾತಾಡಿದ ಹಾಗೆ ಹೇಳಿದರು ಡಾಕ್ಟರು.

ಅತ್ತಿಗೆ ಅಳಲಿಲ್ಲ. "ಅಷ್ಟರೊಳಗೆ ಒಂದ್ಸಲ ನಮ್ಮ ಮೆಟ್ಟಿಲಿಗೆ ಕರ್ಕೊಂಡು ಹೋಗೇ. ನೀರಿಗೆ ಕಾಲು ಇಳಿಸ್ಬೇಕು."

ಹಡಗುಕಟ್ಟೆಯ ಮೆಟ್ಟಿಲು. ದಿನವಿಡೀ ಕಲ್ಲಿದ್ದಲು ಹೊತ್ತು ಅಲ್ಲೇ ಕೂತು ಕಾಲು ತೊಳೀತಿದ್ವಿ, ನಾವು ಹೆಂಗಸರು. ಮುಷ್ಕರ ಹೂಡಿದ್ದೂ ಅಲ್ಲೇ. ಲಾಠಿ ತಿಂದದ್ದೂ ಅಲ್ಲೇ.

ಬ್ಯಾಂಡೇಜ್ ನೆನೆಯಬಾರದು ಅಂದೆ.

"ಅದನ್ಯಾರು ಇಳಿಸ್ತಾರೆ? ಇನ್ನೊಂದನ್ನ ಇಳಿಸ್ತೀನಿ. ಇದು ನೋಡ್ಕೊಂಡು ಹೋಗ್ಲಿ."

ಮಾರ್ಚ್ 5

ಮೊದಲು ಒಬ್ಬಳೇ ಹೋಗಿ ನೋಡಿ ಬಂದೆ. ವರ್ಷಗಟ್ಟಲೆ ತಗಡು ಬಡಿದು ಮುಚ್ಚಿಟ್ಟಿದ್ದರು, ಈಗ 'ವಾಟರ್‌ಫ್ರಂಟ್'. ಗೋದಾಮೆಲ್ಲ ಹೋಟೆಲು. ಕಲ್ಲಿದ್ದಲಿನ ಬುಟ್ಟಿಗಳನ್ನು ಉಜ್ಜಿ ತೊಳೆದು, ಲೈಟುಗಳಿಗೆ ಟೋಪಿ ಮಾಡಿ ತೂಗುಹಾಕಿದ್ದಾರೆ. ಥೂ! ನಮ್ಮ ಬೆವರೂ ಇವರಿಗೆ ಅಲಂಕಾರ. ಗೋಡೆ ತುಂಬ ಹಡಗಿನ ಫೋಟೋ, ಕ್ಯಾಪ್ಟನ್ನುಗಳ ಫೋಟೋ. ನಾವು? ಎಲ್ಲೂ ಇಲ್ಲ.

ಮೆಟ್ಟಿಲು ಮಾತ್ರ ಇದೆ. ಅಡ್ಡ ಹಗ್ಗ ಕಟ್ಟಿದ್ದಾರೆ. ಬೋಟಿನ ಟಿಕೆಟ್ ಇದ್ದವರಿಗಷ್ಟೇ.

ಅತ್ತಿಗೆಯನ್ನು ವೀಲ್‌ಚೇರಿನಲ್ಲಿ ಕರ್ಕೊಂಡು ಬರ್ತೀನಿ ಅಂದೆ. ಅಲ್ಲಿನ ಮ್ಯಾನೇಜರ್ ಬಲು ಮರ್ಯಾದಸ್ಥ. "ಅಮ್ಮಾ, ವೀಲ್‌ಚೇರ್ ಇಳಿಸೋದು ರಿಸ್ಕು. ಮೇಲಿಂದಲೇ ವ್ಯೂ ಚೆನ್ನಾಗಿದೆ."

"ವ್ಯೂ ಯಾರಿಗಪ್ಪ ಬೇಕು? ಆ ಕಲ್ಲು ಸವೆದಿದೆಯಲ್ಲ, ಸವೆಸಿದ ಕಾಲು ಬರ್ತಿದೆ."

"ಒಂದು ರಿಕ್ವೆಸ್ಟ್ ಲೆಟರ್ ಕೊಡಿ, ನೋಡೋಣ."

ಕೊಡಲ್ಲ. ಬೇಡೋಕೆ ಅಂತ ಯೂನಿಯನ್ ಕಟ್ಟಿರಲಿಲ್ಲ.

ಮಾರ್ಚ್ 8

ಹಳೇ ಗ್ಯಾಂಗಿಗೆಲ್ಲ ಫೋನ್. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳಿಗೆ ಮೊಮ್ಮಗುವಿನ ಕಾವಲು. ಗೊಣಗಿ ಮುಗಿಸಿ ಎಲ್ಲರೂ ಕೇಳಿದ್ದು ಒಂದೇ — ಎಷ್ಟೊತ್ತಿಗೆ?

ದಪ್ಪಕ್ಕ ಮಾತ್ರ: "ನಿಮ್ಮತ್ತಿಗೆ ಈಗ ಎಷ್ಟು ಭಾರ ಇದಾಳೆ?"

"ಮೈ ಹಗುರ. ಬಾಯಿ ಹಾಗೇ ಇದೆ."

ಮಾರ್ಚ್ 9, ಭಾನುವಾರ ಸಂಜೆ

ಇಳಿಸಿದೆವು!

ಹಗ್ಗ ಬಿಚ್ಚಿದವಳು ನಾನೇ. ಮೆಟ್ಟಿಲಿನ ಎರಡೂ ಬದಿಗೆ ಸಾಲಾಗಿ ನಿಂತೆವು, ಬುಟ್ಟಿ ದಾಟಿಸುತ್ತಿದ್ದ ಹಾಗೆ — ಕೈಯಿಂದ ಕೈಗೆ. ಆ ಸಾಲಿಗೆ ಒಂದೇ ಕಾನೂನು. ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಭಾರವೆಲ್ಲ ನಡುವಿನವಳ ಮೇಲೆ. ಕುರ್ಚಿ ಎತ್ತಿದೆವು. ಅತ್ತಿಗೆ ಗಾಳಿಯಲ್ಲಿ. "ಮೆಲ್ಲಗೆ ಕಣ್ರೇ, ಕಲ್ಲಿದ್ದಲಲ್ಲ ನಾನು!"

ಮ್ಯಾನೇಜರ್ ಓಡಿಬಂದ. "ಸ್ಟಾಪ್! ನಿಲ್ಲಿಸಿ!" ಯಾರೂ ತಿರುಗಿ ನೋಡಲಿಲ್ಲ. ಸೆಕ್ಯುರಿಟಿಯವನನ್ನು ಕೆಳಗೆ ಅಟ್ಟಿದ. ಅವನು ಅಡ್ಡ ಬಂದು ನಿಂತದ್ದು ಸರಿಯಾಗಿ ಸಾಲಿನ ತುದಿಗೆ. ಕುರ್ಚಿಯೂ ಅಲ್ಲಿಗೇ ಬಂತು.

"ಹಿಡ್ಕೊಳೋ!" ಗದರಿದಳು ದಪ್ಪಕ್ಕ.

ಹಿಡಿದ. ಇನ್ನೇನು ಮಾಡ್ತಾನೆ?

"ಬಿಡೋ ಅದನ್ನ!" ಮೇಲಿಂದ ಮ್ಯಾನೇಜರ್.

"ಬಿಟ್ರೆ ಅಜ್ಜಿ ನೀರಿಗೆ ಬೀಳುತ್ತೆ ಸಾರ್!"

"ಅಜ್ಜಿ ಯಾರೋ?" ಅಂದಳು ಅತ್ತಿಗೆ.

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು.

ಸೆಕ್ಯುರಿಟಿಯವನು ಕುರ್ಚಿ ಕೆಳಗಿಟ್ಟ. ಅತ್ತಿಗೆ ಒಳ್ಳೇ ಕಾಲನ್ನು ನೀರಿಗೆ ಇಳಿಸಿದಳು. ನಗು ನಿಂತಿತು. ನೀರೊಳಗೆ ಬೆರಳಾಡಿಸಿದಳು. ಆಮೇಲೆ, "ತಣ್ಣಗಿದೆ ಕಣೇ" ಅಂದಳು. ಅಷ್ಟೇ.

ಮಾರ್ಚ್ 10, ಆಸ್ಪತ್ರೆ

ಬೆಳಿಗ್ಗೆಯೇ ಮ್ಯಾನೇಜರ್ ಫೋನ್. ಅವತ್ತೇ ನಂಬರ್ ಬರೆದುಕೊಂಡಿದ್ದ. ಕ್ಷಮೆ ಕೇಳಬೇಕಂತೆ, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟು. ಕೊಡಲಿ. ನಮಗೇನು ಸ್ಟೇಷನ್ ಹೊಸದಾ?

ಆಮೇಲೆ ಹೋಟೆಲಿನ ಅಡುಗೆಯವರು ಫೋನ್ ಮಾಡಿದ್ದರು. ಸೆಕ್ಯುರಿಟಿಯವನನ್ನು ಕೆಲಸದಿಂದ ತೆಗೆದರಂತೆ. ಕುರ್ಚಿ ಹಿಡಿದದ್ದಕ್ಕೆ.

ಸ್ಟ್ರೆಚರಿನ ಮೇಲಿದ್ದ ಅತ್ತಿಗೆಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಎದ್ದೇ ಕೂತಳು. "ಅವನನ್ನ ಒಂಟಿ ಮಾಡಿದ್ರೆ ನನ್ನ ಮುಖ ನೋಡ್ಬೇಡಿ." ನರ್ಸ್ ಮಲಗಿಸಿ, ತಳ್ಳಿಕೊಂಡು ಹೋದಳು. ಬಾಗಿಲು ಮುಚ್ಚಿತು.

ಒಳಗೆ ಅವಳ ಕಾಲು. ಹೊರಗೆ ನಾನು. ಸುಮ್ಮನೆ ಕೂರೋಕಾಗಲ್ಲ. ದಪ್ಪಕ್ಕನಿಗೆ ಫೋನ್ ಹೊಡೆದೆ. ನಾಳೆ ಗೇಟಿನ ಮುಂದೆ ಧರಣಿ. ಅವನು ಕೆಲಸಕ್ಕೆ ವಾಪಸ್ ಬರುವವರೆಗೆ ಏಳೋದಿಲ್ಲ. ಬ್ಯಾನರ್ ಬಟ್ಟೆ ಅವಳು ತರ್ತಾಳೆ, ಬಣ್ಣ ನಾನು. ಘೋಷಣೆ ಬರೆಯೋಕೆ ಕೂತರೆ — ಅಯ್ಯೋ, ಅವನ ಹೆಸರೇ ಕೇಳಲಿಲ್ಲವಲ್ಲ ನಾವ್ಯಾರೂ! ಈಗಲೇ ಹೋಟೆಲಿನ ಅಡುಗೆಯವರಿಗೆ ಫೋನ್ ಮಾಡಿ...

ಬಾಗಿಲು ತೆರೆಯಿತು. ಡಾಕ್ಟರು ಇತ್ತಲೇ ಬರ್ತಿದ್ದಾರೆ —