ಹಸಿರು ದೀಪದ ಮನೆ

ಗೃಹ ಅಧ್ಯಯನ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ಮನೆಯ ಓದುವ ಮೇಜಿನ ಮೇಲೆ ನೀವು ಕೂರಿಸಿದ ಡಬ್ಬಿಯನ್ನು ವಾಪಸ್ ತೆಗೆದುಕೊಂಡು ಹೋಗಿ. ಅದು ಬಂದಾಗಿನಿಂದ ನನ್ನ ಮಗಳು ಓದುತ್ತಿಲ್ಲ, ಹೆದರುತ್ತಿದ್ದಾಳೆ.

ಮನೆಯಲ್ಲಿ ಓದುವ ಮಕ್ಕಳಿಗೆ ಮಾನಸಿಕ ಸುರಕ್ಷತೆ ಬೇಕು, ಜಗಳ, ಬೈಗುಳ ಕಿವಿಗೆ ಬೀಳಬಾರದು ಎಂದಿರಿ. ಯಾರು ಬೇಡ ಎಂದಾರು? ಅದಕ್ಕಾಗಿ ಮನೆಮನೆಗೂ ಸದ್ದು ಅಳೆಯುವ ಡಬ್ಬಿ ಹಂಚಿದಿರಿ. ಮನೆ ಸುಮ್ಮನಿದ್ದರೆ ಹಸಿರು ದೀಪ, ಸದ್ದಾದರೆ ಕೆಂಪು. ಒಂದೇ ಸಂಜೆ ಎರಡು ಸಲ ಕೆಂಪಾದರೆ ಆ ಮನೆಯ ಮಗುವನ್ನು ಮರುದಿನ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಸುಮ್ಮನೆ ಎಚ್ಚರಿಸುತ್ತಿದ್ದರು. ನೀವು ಅದನ್ನು ಸರ್ಕಾರಿ ಖರ್ಚಿನಲ್ಲೇ ಮಾಡಿ ತೋರಿಸಿದಿರಿ. ಪಕ್ಕದ ಮನೆಯ ಅಪ್ಪ ಮೊದಲು ಮಗನನ್ನು ಬೀದಿಗೆ ಕೇಳುವಂತೆ ಬೈಯುತ್ತಿದ್ದ, ನಾವು ಹೋಗಿ ಬಿಡಿಸುತ್ತಿದ್ದೆವು. ಈಗ ಚಿವುಟುತ್ತಾನೆ. ಚಿವುಟಿದರೆ ಸದ್ದಾಗುವುದಿಲ್ಲವಲ್ಲ, ಅವರ ಮನೆಯೂ ಹಸಿರು.

ನಾನು ಬಟ್ಟೆ ಹೊಲಿಯುವವಳು. ಮಗಳು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂತು, ಅದರ ತಾಳಕ್ಕೇ ಮಗ್ಗಿ ಕಲಿತವಳು. ಮಾತು ನಿಲ್ಲಿಸದ ಅವಳಿಗೆ ನಾವಿಟ್ಟ ಹೆಸರು ರೇಡಿಯೋ. ನಿಮ್ಮ ಡಬ್ಬಿಗೆ ಯಂತ್ರ ಹಿಡಿಸಲಿಲ್ಲ, ಎದುರು ಮನೆಯ ಜಗಲಿಗೆ ಸಾಗಿಸಿದೆ. ಅತ್ತೆ ಕೆಮ್ಮು ಬಂದಾಗ ದಿಂಬಿಗೆ ಮುಖ ಒತ್ತಿಕೊಳ್ಳತೊಡಗಿದರು. ರೇಡಿಯೋ ತಾನಾಗಿಯೇ ಬಂದ್ ಆಯಿತು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಗೊಣಗಿದರೂ ಅದು ಪಿಸುಮಾತಿನಲ್ಲೇ.

ಕಳೆದ ವಾರ ಒಂದು ಸಂಜೆ ಹೊಲಿಗೆ ಮುಗಿಸಿ ಬಂದೆ. ದೀಪ ಹಸಿರಾಗಿತ್ತು. ಮಗಳು ಪುಸ್ತಕದಿಂದ ಕಣ್ಣೆತ್ತದೆ ಕೂತಿದ್ದಳು, ಹಾಳೆ ಒದ್ದೆಯಾಗಿತ್ತು. "ಅಜ್ಜಿ ಎಲ್ಲೇ?" ಎಂದೆ. ಬಚ್ಚಲಿನ ಕಡೆ ಬೆರಳು ತೋರಿಸಿದಳು.

ಅತ್ತೆ ಒದ್ದೆ ನೆಲದ ಮೇಲೆ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಬಾಯಲ್ಲಿ ಟವೆಲ್ ಕಚ್ಚಿಕೊಂಡಿದ್ದರು.

"ಒಂದ್ಸಲ ಕೂಗಬಾರದಿತ್ತಾ ಅತ್ತೆ?"

"ಮಗು ಓದ್ತಿತ್ತಲ್ಲಮ್ಮ. ಕೆಂಪಾದ್ರೆ ನಾಳೆ ಅದನ್ನ ನಿಲ್ಲಿಸ್ತಾರೆ."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿ ಬಿದ್ದಾಗಲೇ ಒಂದ್ಸಲ ಕೆಂಪಾಯ್ತು ಅಮ್ಮ. ನಾನೂ ಎದ್ದು ಕುರ್ಚಿ ಸದ್ದಾದ್ರೆ ಇನ್ನೊಂದ್ಸಲ ಆಗ್ತಿತ್ತು," ಎಂದಳು. ಅದೂ ಪಿಸುಮಾತಿನಲ್ಲಿ.

ಆಸ್ಪತ್ರೆಯ ಬೆಂಚಿನ ಮೇಲಿದ್ದಾಗ ನನ್ನ ಫೋನಿಗೆ ನಿಮ್ಮ ಇಲಾಖೆಯ ಸಂದೇಶ ಬಂತು: "ಅಭಿನಂದನೆಗಳು. ಇಂದು ಸಂಜೆ ನಿಮ್ಮ ಮನೆಯ ವಾತಾವರಣ ಮಗುವಿಗೆ ಸುರಕ್ಷಿತವಾಗಿತ್ತು."

ಮಾನ್ಯರೇ, ಈಗ ಸಂಜೆಯಾದರೆ ನಮ್ಮ ಬೀದಿಯ ಎಲ್ಲ ಕಿಟಕಿಗಳಲ್ಲೂ ಹಸಿರು ಬೆಳಕು. ಯಾವ ಮನೆಯೊಳಗೆ ಯಾರು ಬಿದ್ದಿದ್ದಾರೋ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನನಗೆ ಭಯವಾಗುತ್ತದೆ. ನಿಮಗೆ ಆಗುವುದಿಲ್ಲವೇ? ಅಥವಾ ನಿಮ್ಮ ಮನೆಗೆ ಡಬ್ಬಿ ಇನ್ನೂ ತಲುಪಿಲ್ಲವೇ?

ಡಬ್ಬಿಯ ತಂತಿ ಕಿತ್ತು, ಕಂಬಳಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಮಗಳು ಮಾತಾಡುವ ಮುಂಚೆ ಈಗಲೂ ಟ್ರಂಕಿನ ಕಡೆ ನೋಡುತ್ತಾಳೆ. ಅದು ಸತ್ತಿದೆ ಎಂದರೆ ನಂಬುವುದಿಲ್ಲ. ಆದ್ದರಿಂದ ಆಳು ಕಳಿಸಬೇಡಿ, ನೀವೇ ಬನ್ನಿ. ಊರಿನ ಎಲ್ಲ ಡಬ್ಬಿಗಳನ್ನೂ ಹಿಂತೆಗೆದುಕೊಂಡಿದ್ದೇವೆಂದು ಅವಳೆದುರು ಗಟ್ಟಿಯಾಗಿ ಹೇಳಿ. ಮನೆಯಲ್ಲಿ ಯಾರಾದರೂ ಬಿದ್ದರೆ ಕಿರುಚಬಹುದು ಎಂದು ನಿಮ್ಮ ಬಾಯಿಂದಲೇ ಅವಳಿಗೆ ಅಪ್ಪಣೆ ಕೊಡಿ. ನನ್ನ ಅಪ್ಪಣೆ ಅವಳಿಗೆ ಸಾಲುತ್ತಿಲ್ಲ.

ಇಂತಿ,
ನಿಮ್ಮ ದಾಖಲೆಯಲ್ಲಿ ಸುರಕ್ಷಿತವೆಂದು ಬರೆದಿರುವ ಮನೆಯ ತಾಯಿ