ನಾಲ್ಕನೇ ಜ್ವರ

ಜುಲೈ 8, ಮಂಗಳವಾರ

ಹುಳದ ಮನೆಗೆ ಸುಣ್ಣ ಹೊಡೆದು ಮುಗಿಸಿದೆ. ಹೋದ ಬೆಳೆ ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿ ಹತ್ತು ದಿನ. ಈ ಸಲ ಒಂದು ಬೆಳೆ ಬಿಡಣ, ನೀನು ಹೋಗಿ ಬಾ ಅಂತ ಇವರೇ ಹೇಳಿದ್ದು. ಮದುವೆಯಾಗಿ ಇಪ್ಪತ್ತಾರು ವರ್ಷ, ಎರಡು ರಾತ್ರಿಗಿಂತ ಜಾಸ್ತಿ ಮನೆ ಬಿಟ್ಟಿಲ್ಲ. ರೇಷ್ಮೆಹುಳ ಇದ್ದ ಮನೆ ಹೆಂಗಸು ಹೊಸಲು ದಾಟಬಾರದಂತೆ. ಸೋಮವಾರಕ್ಕೆ ಟಿಕೆಟ್. ಮಂಗಳೂರಿಂದ ಕಾರವಾರದವರೆಗೆ, ಹನ್ನೆರಡು ದಿನ, ಒಬ್ಬಳೇ. ಸ್ಕೂಲಿನ ಗೋಡೆ ಮೇಲೆ ನಕ್ಷೇಲಿ ನೋಡಿದ್ದು ಬಿಟ್ರೆ ಸಮುದ್ರ ನೋಡಿಲ್ಲ.

ಸಂಜೆ 6

ಬಾಗಿಲಲ್ಲಿ ಟೆಂಪೋ. ಟ್ರೇ ಇಳಿಸ್ತಾವ್ರೆ. ನೂರು ಚಿಟ್ಟೆ ಇಟ್ಟ ಮೊಟ್ಟೆಯ ಚಾಕಿ — ನಲವತ್ತು ಸಾವಿರ ಮರಿಹುಳ. ನನ್ನ ಕೇಳದೆ! ಸೊಪ್ಪು ಚೆನ್ನಾಗಿದೆ ಕಣೇ, ಬಿಡಕ್ಕೆ ಮನಸ್ಸಾಗಲಿಲ್ಲ, ಮುಂದಿನ ವರ್ಷ ಹೋಗುವಂತೆ ಅಂದ್ರು. ಹುಳ ಬಂದ್ರೆ ಇವಳು ಹೋಗಲ್ಲ ಅಂತ ಗೊತ್ತಿದ್ದೇ ತಂದಿದ್ದು. ಸೋಮವಾರ ಹೋಗ್ತೀನಿ ಅಂದೆ. ನಕ್ಕರು. ಆ ನಗು ನೋಡಿ ಮೈಯೆಲ್ಲಾ ಉರಿದುಹೋಯ್ತು.

ಜುಲೈ 14, ಸೋಮವಾರ. ಬಸ್ಸಲ್ಲಿ

ಹೊರಟೇಬಿಟ್ಟೆ.

ಇವರು ಗಾಡಿ ಒರೆಸ್ತಾ ನಿಂತಿದ್ರು, ಬಸ್ ಸ್ಟಾಪಿಗೆ ಬಿಡ್ತೀನಿ ಅನ್ನಲಿಲ್ಲ. ಅವರ ತಲೆ ಮೇಲೆ ಗೋಡೇಲಿ ಅವರದ್ದೇ ಫೋಟೋ — ಶಾಲು, ಹಾರ, ಸಂಘದವರು ಕೊಟ್ಟ 'ಉತ್ತಮ ರೇಷ್ಮೆ ಬೆಳೆಗಾರ ಜಯರಾಮಪ್ಪ'. ಆ ಬೆಳೆಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿದ್ದು ಯಾರು, ಕಸ ಬಾಚಿದ್ದು ಯಾರು? ಇರ್ಲಿ.

ಅತ್ತೆ ಓಬಳಮ್ಮನಿಗೆ ಎರಡು ಕಣ್ಣಿಗೂ ಪೊರೆ. ತಡವರಿಸ್ಕೊಂಡು ಬಾಗಿಲಿಗೆ ಬಂದ್ರು. ಬೈತಾರೆ ಅಂದ್ಕೊಂಡೆ. "ಪೋನೀಲೇ, ಇರ್ಲಿ ಬಿಡು, ಹೋಗಮ್ಮ," ಅಂದ್ರು ತೆಲುಗು ಬೆರೆಸಿ. ಅಷ್ಟೇ. ಬಸ್ ಹತ್ತಿದ ಮೇಲೆ ಅಳು ಬಂತು.

ಜುಲೈ 15, ಮಲ್ಪೆ

ಸಮುದ್ರ ನೋಡಿದೆ! ಹತ್ರ ಬಿಡಲ್ಲ, ಮಳೆಗಾಲ ಅಂತ ಹಗ್ಗ ಕಟ್ಟವ್ರೆ. ದಾಟಿದವರಿಗೆ ಪೀಪಿ ಊದ್ತಾರೆ. ಹಗ್ಗದ ಈಚೆಗೇ ನಿಂತು ಎರಡು ಗಂಟೆ ನೋಡಿದೆ. ಎಷ್ಟು ಸದ್ದಪ್ಪ ಅದಕ್ಕೆ.

ಮಧ್ಯಾಹ್ನ ರೂಮಲ್ಲಿ ಕಣ್ಣು ಹತ್ತಿತ್ತು. ತಗಡಿನ ಮೇಲೆ ಮಳೆ ಬಿತ್ತು ನೋಡು, ಎದ್ದು ಓಡಿದೆ. ಬರಿಗಾಲಲ್ಲಿ, ಮೆಟ್ಟಿಲು ಇಳಿದು ಅಂಗಳಕ್ಕೆ. ಸೊಪ್ಪು ಎತ್ತಿಡಬೇಕಲ್ಲ, ನೆಂದ ಸೊಪ್ಪು ತಿಂದ್ರೆ ಹುಳ ಸಾಯ್ತವೆ. ಅಂಗಳದಲ್ಲಿ ಸೊಪ್ಪೂ ಇಲ್ಲ ಏನೂ ಇಲ್ಲ, ಎರಡು ತೆಂಗಿನಮರ. ಲಾಡ್ಜಿನವನು ಬಾಯ್ಬಿಟ್ಕೊಂಡು ನೋಡ್ತಿದ್ದ. ಇಪ್ಪತ್ತಾರು ವರ್ಷ ಮಳೆ ಬಂದಾಗೆಲ್ಲಾ ಬೈದಿದೀನಿ. ಒಳಕ್ಕೆ ಹೋಗಲಿಲ್ಲ. ನೆನೀತಾ ನಿಂತೆ.

ಜುಲೈ 17, ಮರವಂತೆ

ರಸ್ತೆಗೆ ಈ ಕಡೆ ಸಮುದ್ರ, ಆ ಕಡೆ ಹೊಳೆ. ಎಲ್ಲಿ ನೋಡಿದ್ರೂ ಹಸಿರು, ಕಾಂಪೌಂಡ್ ಗೋಡೆ ಕೂಡ ಹಸಿರು. ನಮ್ಮ ಕಡೆ ಸಾವಿರದಡಿ ಬೋರು ಹಾಕಿದ್ರೂ ಬರೀ ಧೂಳು... ಹೊಟ್ಟೆಕಿಚ್ಚಾಯ್ತು ಅಂತ ಬರೀತೀನಿ, ಯಾರು ನೋಡ್ತಾರೆ.

ಉಳ್ಕೊಂಡಿರೋದು ತನುಜ ಅನ್ನೋರ ಮನೇಲಿ, ರೂಮು ಬಾಡಿಗೆಗೆ ಕೊಡ್ತಾರೆ. ಊಟಕ್ಕೆ ಕೂತಾಗ ಇವರ ಫೋನು. ಸ್ಪೀಕರ್ ಹಾಕ್ಕೊಂಡೆ, ಕೈ ಎಂಜಲು. ನಾಲ್ಕನೇ ಜ್ವರಕ್ಕೆ ಕೂತವೆ, ಒಂದೂ ತಲೆ ಎತ್ತಲ್ಲ, ನೀನು ಅಲ್ಲಿ ಮೀನು ತಿನ್ಕೊಂಡು ಕೂತಿದೀಯ ಅಂತ ಕೂಗಾಡಿದ್ರು. ನಾಳೆ ಏಳ್ತವೆ ಬಿಡಿ, ಎದ್ದ ಮೇಲೆ ಸೊಪ್ಪು ಹಾಕಿ ಅಂದು ಇಟ್ಟೆ.

ತನುಜ ಅವರ ಮುಖದಲ್ಲಿ ರಕ್ತ ಇಲ್ಲ. "ಎಂತ ಮಾರಾಯ್ರೆ, ಮನೆಯಲ್ಲಿ ಎಷ್ಟು ಜನಕ್ಕೆ ಜ್ವರ?"

"ನಲವತ್ತು ಸಾವಿರ," ಅಂದೆ.

ಆಮೇಲೆ ಬಿಡಿಸಿ ಹೇಳಿದೆ: ಹುಳ ಪೊರೆ ಬಿಡಕ್ಕೆ ಮಲಗೋದನ್ನ ನಾವು ಜ್ವರ ಅಂತೀವಿ, ನಾಲ್ಕು ಸಲ ಬರುತ್ತೆ. ಅವರಿಗೆ ಹೋದ ಜೀವ ಬಂತು. ಬಿದ್ದು ಬಿದ್ದು ನಕ್ಕರು. ನಿಮಗೆ ರಜೆ ಯಾವಾಗ ಅಂತ ಕೇಳಿದ್ರು ಪಾಪ. ಇದೇ ಅಂದೆ.

ಜುಲೈ 25, ಶುಕ್ರವಾರ. ಕುಮಟಾ ಬಸ್ ಸ್ಟ್ಯಾಂಡ್

ಎಂಟು ದಿನ ಬರೀಲಿಲ್ಲ. ಭಟ್ಕಳ, ಮುರುಡೇಶ್ವರ, ಗೋಕರ್ಣ ತಿರುಗಿದೆ. ದಿನಾ ಫೋನು, ದಿನಾ ಬೈಗಳು. ಮೂರು ದಿನದಿಂದ ಎತ್ತಿರಲಿಲ್ಲ. ಇವತ್ತು ಬೆಳಗ್ಗೆ ಎತ್ತಿದೆ.

ಬೈಲಿಲ್ಲ.

"ಮುನಿಲಕ್ಷ್ಮಿ... ಹಣ್ಣಾಗಿರೋ ಹುಳ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?"

ಗೂಡು ಕಟ್ಟಕ್ಕೆ ತಯಾರಾದ ಹುಳ ಯಾವುದು ಅಂತ! ಉತ್ತಮ ಬೆಳೆಗಾರ! ನಗು ಬರ್ಬೇಕಿತ್ತು, ಬರಲಿಲ್ಲ. ಸಂಕಟ ಆಯ್ತು. ಹುಳಗಳದೇನು ತಪ್ಪು.

"ಬೆಳಕಿಗೆ ಹಿಡೀರಿ," ಅಂದೆ. "ಬೆಳಕು ಮೈಯೊಳಗಿಂದ ಹಾದು ಬಂದ್ರೆ ಹಣ್ಣು. ಅಂಥವನ್ನ ಆರಿಸಿ ಗೂಡು ಕಟ್ಟಕ್ಕೆ ಚಂದ್ರಂಕಿ ತಟ್ಟೆಗೆ ಬಿಡಿ. ಇನ್ಮೇಲೆ ಚಾಕಿ ಯಾವಾಗ ತರ್ಬೇಕು ಅಂತ ನಾನು ಹೇಳ್ತೀನಿ."

ಹೂಂ ಅಂದ್ರು. ಯಾವಾಗ ಬರ್ತೀಯ ಅಂದ್ರು. ನಾಳೆ ವಾಪಸ್ ಬರೋ ಟಿಕೆಟ್ ಕ್ಯಾನ್ಸಲ್ ಮಾಡಿದೀನಿ, ಕಾರವಾರದಲ್ಲಿ ಎರಡು ದಿನ ಇರ್ತೀನಿ ಅಂದೆ. ಅದಕ್ಕೂ ಹೂಂ ಅಂದ್ರು.

ಮಳೆ ಜೋರಾಗಿದೆ. ಕೊಡೆ ಬಿಚ್ಚಿಲ್ಲ. ಕಾರವಾರದ ಬಸ್ಸು ಬಂತು, ಕಿಟಕಿ ಸೀಟು ಖಾಲಿ ಇದ್ದಂಗೆ —